ಎರಡು ಚಕ್ರಗಳ ಸರಾಸರಿ
ಕೀ ಕೊಡುವ ಕೈಗಡಿಯಾರದ ಜೀವವಿರುವುದು ಅತ್ತಿತ್ತ ತೂಗಿ ಲಯ ಕಾಯುವ ಬ್ಯಾಲೆನ್ಸ್ ಚಕ್ರದಲ್ಲಿ. ಶಿಕಾರಿಪುರ, ಸೊರಬದ ಹಿರಿಯರಿಗೆ ಪರಿಚಿತವಾದ ಎಚ್‌ಎಂಟಿ ಜನತಾದಲ್ಲಿ ಅದು ಒಂದೇ. ಗಂಟೆಗೆ 18,000 ಬಡಿತ. ಕೈ ಓರೆಯಾದರೆ, ಎಣ್ಣೆ ಒಣಗಿದರೆ ಅದರ ಲಯ ತುಸು ತಪ್ಪುತ್ತದೆ. ಸ್ವಿಟ್ಜರ್ಲೆಂಡಿನ ಗಡಿಯಾರ ತಯಾರಕ ಫಿಲಿಪ್ ದುಫೂರ್ 1996ರಲ್ಲಿ ರೂಪಿಸಿದ ‘ಡ್ಯುಯಾಲಿಟಿ’ ಕೈಗಡಿಯಾರದಲ್ಲಿ ಎರಡು ಚಕ್ರಗಳಿವೆ. ಕಾರಿನ ಡಿಫರೆನ್ಷಿಯಲ್‌ನಂಥ ಹಲ್ಲುಚಕ್ರಗಳ ಏರ್ಪಾಟು ಎರಡರ ಸರಾಸರಿಯನ್ನು ಮುಳ್ಳಿಗೆ ಮುಟ್ಟಿಸುತ್ತದೆ. ಒಂದು ಚಕ್ರ ದಿನಕ್ಕೆ ನಾಲ್ಕು ಸೆಕೆಂಡು ಮುಂದೋಡಿ, ಇನ್ನೊಂದು ಎರಡು ಸೆಕೆಂಡು ಹಿಂದೆ ಬಿದ್ದರೆ, ಮುಳ್ಳು ತಪ್ಪುವುದು ಒಂದೇ ಸೆಕೆಂಡು. ಅಂಥ ಗಡಿಯಾರಗಳು ತಯಾರಾದದ್ದು ಬೆರಳೆಣಿಕೆಯಷ್ಟು. ಆದರೆ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿ ಲಕ್ಷಾಂತರ ಮುಂಗೈಗಳನ್ನು ತಲುಪಿತು. ಮನೆಯಲ್ಲಿ ಅಜ್ಜನ ಜನತಾ ನಿಂತುಹೋಗಿದ್ದರೆ, ಊರಿನ ವಾಚ್ ರಿಪೇರಿಯವರಲ್ಲಿ ಶುಚಿ ಮಾಡಿಸಿ, ಎಣ್ಣೆ ಹಾಕಿಸಿ, ಕಟ್ಟಿಕೊಳ್ಳಿ.