ಅಜ್ಜನ ಟ್ರಂಕು ತೆರೆಯುವ ಮುನ್ನ



ಈಚೆಗೆ ನಮ್ಮ ಪರಿಚಯದ ಮನೆಯೊಂದರಲ್ಲಿ ಅಟ್ಟದ ಮೇಲಿದ್ದ ಅಜ್ಜನ ಟ್ರಂಕನ್ನು ಇಳಿಸಿದರು. ಒಳಗೆ ಊರಿನಿಂದ ಬಂದ ಕಾಗದಗಳು, ಹೋಟೆಲಿನ ಲೆಕ್ಕದ ಪುಸ್ತಕಗಳು, ಫೋಟೋಗಳು, ಎರಡು ಕಾದಂಬರಿ, ಒಂದು ಹಿತ್ತಾಳೆಯ ಅಡಕತ್ತರಿ. ಮೊಮ್ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ಕಟ್ಟುಗಳನ್ನೆಲ್ಲ ಬಿಚ್ಚಿ, ಕಾಗದಗಳನ್ನು ಒಂದೆಡೆ ಇಟ್ಟು, ಫೋಟೋಗಳನ್ನು ಆಲ್ಬಮ್ಮಿಗೆ ಅಂಟಿಸಿದರು. ಲಕೋಟೆಗಳು ರದ್ದಿಗೆ ಹೋದವು. ಈಗ ಆಲ್ಬಮ್ಮಿನಲ್ಲಿರುವ ಎರಡು ಜಡೆಯ ಹುಡುಗಿ ಯಾರೆಂದು ಹೇಳುವವರೇ ಇಲ್ಲ. ಆ ಚಿತ್ರ ಯಾವ ಕಾಗದದ ಜೊತೆ ಬಂದಿತ್ತೋ, ಆ ಕಾಗದಕ್ಕೆ ಮಾತ್ರ ಅದು ಗೊತ್ತಿತ್ತು.

ಒಪ್ಪವಾಗಿ ಜೋಡಿಸಿದ್ದೇ ತಪ್ಪಾಯಿತೇ? ಇದನ್ನು ತಿಳಿಯಲು ಮುಂಬಯಿಯ ಕಾಲಾಘೋಡಾಕ್ಕೆ ಬನ್ನಿ. 1922ರಲ್ಲಿ ಜನರಿಗೆ ತೆರೆದ ದೊಡ್ಡ ಗುಮ್ಮಟದ ವಸ್ತುಸಂಗ್ರಹಾಲಯ, ರಾಜ್ಯ ಪತ್ರಾಗಾರ ಬಹುಕಾಲ ನೆಲೆಸಿದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡ, ಅದರ ಪಕ್ಕದಲ್ಲೇ ಡೇವಿಡ್ ಸಸೂನ್ ಗ್ರಂಥಾಲಯ, ಮೂರೂ ಕೂಗಳತೆಯಲ್ಲಿವೆ. ಮೂರೂ ಹಳೆಯದನ್ನು ಕಾಪಾಡುತ್ತವೆ. ಆದರೆ ಕಾಪಾಡುವ ರೀತಿ ಬೇರೆ ಬೇರೆ.

ಗ್ರಂಥಾಲಯ ಕೇಳುವ ಪ್ರಶ್ನೆ, 'ಈ ಪುಸ್ತಕ ಯಾವ ವಿಷಯದ್ದು?' ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಅಂಕಿ 894.814. ಪುಸ್ತಕ ಯಾರು ಕೊಟ್ಟರೂ ಅದು ತನ್ನ ವಿಷಯದ ಕಪಾಟಿಗೇ ಹೋಗುತ್ತದೆ. ಒಂದು ಪ್ರತಿ ಕಳೆದರೂ ಸಾಮಾನ್ಯವಾಗಿ ಬೇರೆಲ್ಲೋ ಇನ್ನೊಂದು ಇರುತ್ತದೆ. ಹಾಗಾಗಿಯೇ ಮನೆಗೆ ಎರವಲು ಕೊಡಲು ಅದಕ್ಕೆ ಧೈರ್ಯ.

ವಸ್ತುಸಂಗ್ರಹಾಲಯ ಒಂದೊಂದು ವಸ್ತುವಿಗೂ ಒಂದೊಂದು ಸಂಖ್ಯೆ ಕೊಟ್ಟು, ಎಲ್ಲಿ ಸಿಕ್ಕಿತು, ಯಾರಿಂದ ಬಂತು, ಯಾವುದರಿಂದ ಮಾಡಿದ್ದು ಎಂದು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತದೆ. ಆ ಬರಹ ಕಳೆದರೆ ವಿಗ್ರಹ ಉಳಿದರೂ ಅದರ ಊರು ಉಳಿಯುವುದಿಲ್ಲ.

ಪತ್ರಾಗಾರದ ಪ್ರಶ್ನೆಯೇ ಬೇರೆ. 'ಈ ಕಾಗದ ಯಾರ ಕೆಲಸದಲ್ಲಿ ಹುಟ್ಟಿತು?' ಒಂದು ಕಚೇರಿಯ ಕಡತಗಳನ್ನು ಇನ್ನೊಂದರ ಜೊತೆ ಬೆರೆಸುವಂತಿಲ್ಲ. ಗುಮಾಸ್ತ ಇಟ್ಟ ಕ್ರಮವನ್ನು ಸಾಧ್ಯವಾದಷ್ಟೂ ಕೆಡಿಸುವಂತಿಲ್ಲ. ಏಕೆಂದರೆ ಒಂದು ಅರ್ಜಿಯ ಅರ್ಥ ಅದರ ಹಿಂದುಮುಂದಿನ ಕಾಗದಗಳಲ್ಲಿರುತ್ತದೆ. ಅಲ್ಲಿ ಇರುವುದು ಬಹುಪಾಲು ಒಂದೇ ಪ್ರತಿ. ಆದ್ದರಿಂದ ಅಲ್ಲೇ ಕುಳಿತು ಓದಬೇಕು, ಮನೆಗೆ ಕೊಡುವುದಿಲ್ಲ.

ಇದು ನಮಗೆ ದೂರದ ಮಾತಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಆ ಜಿಲ್ಲೆಗಳ ಕಂದಾಯ, ಶಿಕ್ಷಣ, ಬರಗಾಲದ ಎಷ್ಟೋ ಪತ್ರವ್ಯವಹಾರ ಮುಂಬಯಿಯ ಪತ್ರಾಗಾರಕ್ಕೇ ಸೇರಿದೆ. ಆದರೆ ನಿಮ್ಮ ಊರಿನ ಹೆಸರಿನ ಕಪಾಟನ್ನು ಹುಡುಕಿದರೆ ಸಿಗದು. ಯಾವ ಇಲಾಖೆ, ಯಾವ ವರ್ಷ ಎಂದು ಯೋಚಿಸಿ ಹೋದರೆ ದಾರಿ ತೆರೆಯುತ್ತದೆ.

ಈಗ ಟ್ರಂಕಿಗೆ ಮರಳೋಣ. ಕಾದಂಬರಿಗಳು ನಮ್ಮ ಸಂಘದ ಗ್ರಂಥಾಲಯಕ್ಕೆ ಬರಲಿ, ಸಂತೋಷ. ಅಡಕತ್ತರಿಗೆ ಒಂದು ಚೀಟಿ ಕಟ್ಟಿ, ಯಾರದು, ಯಾವ ಊರಿನದು ಎಂದು ಬರೆಯಿರಿ. ಕಾಗದದ ಕಟ್ಟುಗಳನ್ನು ಮಾತ್ರ ಬಿಚ್ಚಿ ಬೆರೆಸಬೇಡಿ. ಲಕೋಟೆಯೊಳಗಿನ ಫೋಟೋ ಲಕೋಟೆಯಲ್ಲೇ ಇರಲಿ. ಕಟ್ಟಿಗೊಂದು ನಂಬರು ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ. ಪಿನ್ನು, ಅಂಟುಪಟ್ಟಿ ಬೇಡ.

'ನಮಗೆ ಕನ್ನಡ ಓದಲು ಬರುವುದಿಲ್ಲವಲ್ಲ' ಎನ್ನುತ್ತೀರಾ? ಓದಲು ಬಾರದಿದ್ದರೂ ಕ್ರಮ ಕೆಡದಂತೆ ಕಾಯಬಹುದು. ಓದುವುದನ್ನು ನಾಳೆ ಕಲಿಯಬಹುದು, ಬೆರೆತು ಹೋದದ್ದನ್ನು ನಾಳೆ ಬಿಡಿಸಲಾಗದು. ಮನೆಯಲ್ಲಿ ಅಜ್ಜಿ ಇದ್ದರೆ ಈ ಭಾನುವಾರವೇ ಅವರ ಪಕ್ಕದಲ್ಲಿ ಟ್ರಂಕನ್ನಿಟ್ಟು ಕುಳಿತುಕೊಳ್ಳಿ. ಅವರು ಹೇಳಿದ ಹೆಸರುಗಳನ್ನು ನಿಮಗೆ ಬರುವ ಲಿಪಿಯಲ್ಲೇ ಬರೆದುಕೊಳ್ಳಿ.

ಎರಡು ಜಡೆಯ ಹುಡುಗಿಯನ್ನು ಗುರುತಿಸಬಲ್ಲವರು ನಿಮ್ಮ ಮನೆಯಲ್ಲಿ ಇನ್ನೂ ಇರಬಹುದು. ಏನಂತೀರಿ?