ಧ್ರುವ ತಾರೆ ತಗ್ಗಿರುವ ಊರಿನಲ್ಲಿ ದೂರದರ್ಶಕ

ಭಾಗಮಂಡಲ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಇಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಹನ್ನೆರಡು ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಚಾಚಿದ ಕೈಯ ಮುಷ್ಟಿಯ ಅಗಲ ಹತ್ತು ಡಿಗ್ರಿ ಎಂದುಕೊಂಡರೆ, ಅದಕ್ಕಿಂತ ಚೂರು ಮೇಲೆ. ಸುತ್ತ ಬೆಟ್ಟ, ತೋಟದ ಅಂಚಿನಲ್ಲಿ ಸಿಲ್ವರ್ ಓಕ್. ಎಷ್ಟೋ ಅಂಗಳಗಳಿಂದ ಧ್ರುವ ಕಾಣುವುದೇ ಇಲ್ಲ. ದೂರದರ್ಶಕದ ಪುಸ್ತಕಗಳು ಮಾತ್ರ ‘ಮೊದಲು ಉಪಕರಣದ ಅಕ್ಷವನ್ನು ಧ್ರುವದತ್ತ ತಿರುಗಿಸಿ’ ಎಂದೇ ಪಾಠ ಶುರುಮಾಡುತ್ತವೆ.

ಇಂಥ ಜಾಗಕ್ಕೆ ಹೇಳಿ ಮಾಡಿಸಿದ್ದು ಡಾಬ್ಸೋನಿಯನ್. ಇದನ್ನು ರೂಪಿಸಿದ ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದವರು. ನಮ್ಮ ಪೊನ್ನಂಪೇಟೆಯ ಆಶ್ರಮದಂತೆ ಅದೂ ರಾಮಕೃಷ್ಣ ಪರಂಪರೆಯದು. ಮಠದಲ್ಲಿದ್ದಾಗಲೇ ಸಿಕ್ಕ ಗಾಜು, ಹಲಗೆ, ರಟ್ಟಿನ ಕೊಳವೆಗಳಿಂದ ದೂರದರ್ಶಕ ಕಟ್ಟಿದರು. ಹೊರಬಂದ ಮೇಲೆ ಬೀದಿ ಬದಿಯಲ್ಲಿ ನಿಲ್ಲಿಸಿ ದಾರಿಹೋಕರಿಗೆ ಆಕಾಶ ತೋರಿಸಿದರು. ಈ ಉಪಕರಣಕ್ಕೆ ಇರುವುದು ಎರಡೇ ಚಲನೆ: ಮೇಲೆ-ಕೆಳಗೆ, ಎಡ-ಬಲ. ಮೋಟಾರಿಲ್ಲ, ಕೈಯಿಂದಲೇ ತಳ್ಳಬೇಕು. ಕೊಟ್ಟ ದುಡ್ಡೆಲ್ಲ ಕನ್ನಡಿಗೆ ಹೋಗುತ್ತದೆ.

ಕಷ್ಟ ಇರುವುದು ಹುಡುಕುವುದರಲ್ಲಿ. ಎಂಟು ಇಂಚಿನ ಕನ್ನಡಿ, 1200 ಮಿ.ಮೀ. ನಾಭಿದೂರ, 25 ಮಿ.ಮೀ. ಐಪೀಸ್ ಎಂದಿಟ್ಟುಕೊಳ್ಳಿ. ಒಮ್ಮೆಗೆ ಕಾಣುವುದು ಸುಮಾರು ಒಂದು ಡಿಗ್ರಿ ಅಗಲದ ವೃತ್ತ, ಅಂದರೆ ಎರಡು ಪೂರ್ಣಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು. ದಿಗಂತದ ಮೇಲಿನ ಅರ್ಧ ಆಕಾಶದ ವಿಸ್ತೀರ್ಣ ಇಂಥ 26 ಸಾವಿರ ವೃತ್ತಗಳಷ್ಟು. ಬೇಕಾದ ಗೆಲಾಕ್ಸಿ ಅವುಗಳಲ್ಲಿ ಒಂದರಲ್ಲಿದೆ, ಮಸುಕಾಗಿದೆ; ಭೂಮಿ ತಿರುಗುತ್ತಿರುವುದರಿಂದ ನಾಲ್ಕು ನಿಮಿಷದೊಳಗೆ ವೃತ್ತದಾಚೆ ಸರಿದೂಬಿಡುತ್ತದೆ. ಗೊತ್ತಿರುವ ತಾರೆಯಿಂದ ಪಕ್ಕದ ತಾರೆಗೆ ಹೆಜ್ಜೆಹೆಜ್ಜೆಯಾಗಿ ಸಾಗುವುದು ಹಳೆಯ ಕ್ರಮ. ಅದು ಸುಂದರ ವಿದ್ಯೆ, ಆದರೆ ಸಮಯ ಕೇಳುತ್ತದೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಮುಚ್ಚಿರುತ್ತದೆ. ಉಳಿದ ತಿಂಗಳುಗಳಲ್ಲೂ ಮಂಜು ಯಾವಾಗ ಬಂದು ಕೂರುತ್ತದೋ ಹೇಳಲಾಗದು.

ಎಲೆಕ್ಟ್ರಾನಿಕ್ ನೆರವು ಬೇಕಾಗುವುದು ಇಲ್ಲೇ. ಅದು ದೂರದರ್ಶಕವನ್ನು ತಿರುಗಿಸುವುದಿಲ್ಲ. ಎತ್ತ ತಳ್ಳಬೇಕು, ಎಷ್ಟು ತಳ್ಳಬೇಕು ಎಂದಷ್ಟೇ ಹೇಳುತ್ತದೆ.

ಎಲ್ಲಕ್ಕಿಂತ ಸರಳವಾದದ್ದು ಮರಗೆಲಸದವರು ಬಳಸುವ ಡಿಜಿಟಲ್ ಆಂಗಲ್ ಗೇಜ್. ರಸಮಟ್ಟದ ಆಧುನಿಕ ರೂಪ ಅದು. ಅಡಿಯಲ್ಲಿ ಅಯಸ್ಕಾಂತ ಇರುವುದರಿಂದ ಕಬ್ಬಿಣದ ಕೊಳವೆಗೆ ಅಂಟಿಕೊಂಡು, ಎಷ್ಟು ಡಿಗ್ರಿ ವಾಲಿದೆ ಎಂಬುದನ್ನು ದಶಾಂಶದವರೆಗೆ ತೋರಿಸುತ್ತದೆ. ಎಡ-ಬಲದ ಅಳತೆಗೆ, ಡಿಗ್ರಿ ಗುರುತಿಸಿದ ಕಾಗದದ ವೃತ್ತವೊಂದನ್ನು ಪೀಠದ ಕೆಳಗೆ ಹರಡಿದರಾಯಿತು. ಗುರಿಯ ಎತ್ತರ ಎಷ್ಟು, ದಿಕ್ಕು ಯಾವುದು ಎಂಬುದನ್ನು ಸ್ಟೆಲೇರಿಯಂನಂಥ ಆ್ಯಪ್ ಹೇಳುತ್ತದೆ. ಒಂದು ಎಚ್ಚರಿಕೆ: ದಿಕ್ಕಿಗೆ ಮೊಬೈಲಿನ ದಿಕ್ಸೂಚಿಯನ್ನು ನಂಬಬೇಡಿ. ಹತ್ತಿರ ಕಬ್ಬಿಣವಿದ್ದರೆ ಅದು ಹಲವು ಡಿಗ್ರಿ ತಪ್ಪುತ್ತದೆ. ದೂರದರ್ಶಕವನ್ನು ರೋಹಿಣಿಯಂಥ ಪರಿಚಿತ ತಾರೆಗೆ ಹಿಡಿದು, ಆ್ಯಪ್ ತೋರಿಸಿದ ಅಂಕಿಗೆ ವೃತ್ತವನ್ನು ಹೊಂದಿಸಿಕೊಳ್ಳಿ.

ಎರಡನೆಯದು ಎನ್‌ಕೋಡರ್. ಎರಡೂ ಅಕ್ಷಗಳಿಗೆ ಜೋಡಿಸಿದ ಈ ಸಾಧನ ಸುತ್ತನ್ನು ಸಾವಿರಾರು ಭಾಗ ಮಾಡಿ ಎಣಿಸುತ್ತದೆ. ಸುತ್ತಿಗೆ 10,000 ಎಣಿಕೆ ಇದ್ದರೆ ಒಂದೊಂದು ಭಾಗ 0.036 ಡಿಗ್ರಿ, ಚಂದ್ರನ ಅಗಲದ ಹದಿನಾಲ್ಕನೇ ಒಂದರಷ್ಟು. ಶುರುವಿನಲ್ಲಿ ಎರಡು ತಾರೆಗಳನ್ನು ನಾವೇ ತೋರಿಸಿಕೊಡಬೇಕು, ಅವು ಒಂದರಿಂದೊಂದು ದೂರ ಇದ್ದಷ್ಟೂ ಒಳ್ಳೆಯದು. ಫೆಬ್ರವರಿಯ ರಾತ್ರಿ ಒಂಬತ್ತಕ್ಕೆ ದಕ್ಷಿಣದಲ್ಲಿ ಅಗಸ್ತ್ಯ, ಉತ್ತರದಲ್ಲಿ ಬ್ರಹ್ಮಹೃದಯ ಇರುತ್ತವೆ. ನಡುವೆ ನೂರು ಡಿಗ್ರಿಯಷ್ಟು ಅಂತರ. ಕಾವೇರಿಯನ್ನು ಕಮಂಡಲದಲ್ಲಿ ಹಿಡಿದಿಟ್ಟನೆಂದು ತಲಕಾವೇರಿಯ ಕಥೆ ಹೇಳುವ ಋಷಿಯ ಹೆಸರಿನ ತಾರೆಯನ್ನೇ ಭಾಗಮಂಡಲದಲ್ಲಿ ಮೊದಲ ಗುರುತಾಗಿ ಹಿಡಿಯಬಹುದು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಮೂರನೆಯ ವಿಧಾನ ಕ್ಯಾಮೆರಾದ್ದು. ಸೆಲೆಸ್ಟ್ರಾನ್ ಕಂಪನಿಯ ಸ್ಟಾರ್‌ಸೆನ್ಸ್ ಎಕ್ಸ್‌ಪ್ಲೋರರ್ 2020ರಲ್ಲಿ ಇದನ್ನು ಸಾಮಾನ್ಯ ಹವ್ಯಾಸಿಗಳಿಗೆ ತಲುಪಿಸಿತು. ಕೊಳವೆಗೆ ಸಿಕ್ಕಿಸಿದ ಮೊಬೈಲು ಆಕಾಶದ ಫೋಟೊ ತೆಗೆಯುತ್ತದೆ. ಚಿತ್ರದಲ್ಲಿರುವ ತಾರೆಗಳು ಒಂದಕ್ಕೊಂದು ಯಾವ ಆಕೃತಿಯಲ್ಲಿ ಕೂತಿವೆ ಎಂದು ನೋಡಿ, ತನ್ನೊಳಗಿನ ಪಟ್ಟಿಯೊಂದಿಗೆ ಹೋಲಿಸಿ, ‘ನೀನು ಇಲ್ಲಿ ನೋಡುತ್ತಿದ್ದೀಯ’ ಎನ್ನುತ್ತದೆ. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸಿದಂತೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಿಂದ ಇದೇ ಕೆಲಸ ಮಾಡುವ ಪೈಫೈಂಡರ್ ವಿನ್ಯಾಸ ಎಲ್ಲರಿಗೂ ಮುಕ್ತವಾಗಿದೆ. ಎನ್‌ಕೋಡರಿಗಿಂತ ಇದರ ದೊಡ್ಡ ಲಾಭ ಗೊತ್ತಾಗುವುದು ಮಕ್ಕಳ ಸಾಲು ನಿಂತಾಗ. ಯಾರಾದರೂ ಪೀಠಕ್ಕೆ ಎಡವಿ ಅದು ಜರುಗಿತೆಂದರೆ ಎನ್‌ಕೋಡರಿಗೆ ಮತ್ತೆ ತಾರೆಗಳನ್ನು ಪರಿಚಯಿಸಬೇಕು. ಕ್ಯಾಮೆರಾ ಮತ್ತೊಂದು ಫೋಟೊ ತೆಗೆದು ಸುಧಾರಿಸಿಕೊಳ್ಳುತ್ತದೆ. ತೊಂದರೆಯೂ ಇದೆ. ಗುರಿಯ ಸುತ್ತ ಆಕಾಶ ತೆರೆದಿರಬೇಕು, ಲೆನ್ಸಿನ ಮೇಲೆ ಇಬ್ಬನಿ ಕೂರಬಾರದು. ಕೊಡಗಿನ ಚಳಿಗಾಲದಲ್ಲಿ ಎರಡನೆಯದು ನಿಜಕ್ಕೂ ಪೀಡೆ; ಒಣಬಟ್ಟೆ ಜೇಬಿನಲ್ಲಿರಲಿ.

ಈ ನೆರವಿನಿಂದ ಸಿಗುವುದೇನು? ಮಾರ್ಚ್ ಕೊನೆಯಲ್ಲಿ ನಡುರಾತ್ರಿ ದಾಟಿದ ಮೇಲೆ ದಕ್ಷಿಣಕ್ಕೆ ನೋಡಿ. ಕಿನ್ನರ ಪುಂಜದ ಒಮೆಗಾ ಸೆಂಟಾರಿ ಎಂಬ ತಾರಾಗುಚ್ಛ ಭಾಗಮಂಡಲದಲ್ಲಿ 30 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನಲ್ಲಿ ಅದು ಎಂದೂ ಉದಯಿಸುವುದೇ ಇಲ್ಲ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪದು, ಬರಿಗಣ್ಣಿಗೂ ಮಸುಕು ಚುಕ್ಕೆಯಾಗಿ ಸಿಗುತ್ತದೆ. ಅಲ್ಲಿಂದ ನಾಲ್ಕೂವರೆ ಡಿಗ್ರಿ ಉತ್ತರಕ್ಕೆ ಸೆಂಟಾರಸ್-ಎ ಗೆಲಾಕ್ಸಿ ಇದೆ. ಅದು ಬರಿಗಣ್ಣಿಗೆ ದಕ್ಕದು. ದಾರಿ ತೋರುವ ಸಾಧನವಿದ್ದರೆ ಮಂಜು ಏರುವ ಮೊದಲೇ ಐಪೀಸಿನೊಳಗೆ ಬಂದೀತು.

ಇದು ಕಲಿಕೆಯನ್ನು ಕೊಲ್ಲುತ್ತದೆ ಎಂಬ ಆಕ್ಷೇಪ ಹಿರಿಯ ಹವ್ಯಾಸಿಗಳಲ್ಲಿದೆ. ಅವರ ಕಾಳಜಿ ಸಾಚಾ. ಆದರೆ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ನಡೆಸುತ್ತಾರೆ. ಅದರಿಂದ ಅವರ ಅರಿವು ಕುಗ್ಗಿಲ್ಲ. ಅಗಸ್ತ್ಯ ಯಾವುದು, ರೋಹಿಣಿ ಯಾವುದು ಎಂದು ತಿಳಿಯದವನಿಗೆ ಗೇಜೂ ಎನ್‌ಕೋಡರೂ ನೆರವಾಗಲಾರವು. ಹುತ್ತರಿಯ ಕದಿರು ತೆಗೆಯಲು ರೋಹಿಣಿ ನಕ್ಷತ್ರವನ್ನೇ ನೋಡುವ ನಾಡು ಇದು. ಕನ್ನಡಿಗರಿಗೆ ಆಕಾಶ ನೋಡಲು ಕಲಿಸಿದ ಜಿ.ಟಿ. ನಾರಾಯಣ ರಾವ್ ಹುಟ್ಟಿದ್ದೂ ಮಡಿಕೇರಿಯಲ್ಲೇ, 1926ರಲ್ಲಿ.

ಕೊಡಗಿನ ಶಾಲೆಗಳಿಗೆ ನನ್ನ ವಿನಂತಿ ಇಷ್ಟು. ದೂರದರ್ಶಕ ಕೊಳ್ಳುವಾಗ ಮೊದಲ ಹಣ ಕನ್ನಡಿಗೆ ಹಾಕಿ, ಮೋಟಾರಿಗೆ ಬೇಡ. ಮೊದಲ ವರ್ಷ ಆಂಗಲ್ ಗೇಜಿನಲ್ಲೇ ಕೆಲಸ ನಡೆಸಿ. ಮಕ್ಕಳಿಗೆ ಹತ್ತು ತಾರೆಗಳ ಹೆಸರು ಬಾಯಿಗೆ ಬಂದ ಮೇಲೆ ಕ್ಯಾಮೆರಾ ಜೋಡಿಸಿ. ಜನವರಿಯಲ್ಲಿ ಕೊಯ್ಲು ಮುಗಿದ ಗದ್ದೆಗಳು ಖಾಲಿ ಇರುತ್ತವೆ. ಹುಣ್ಣಿಮೆ ಕಳೆದು ಒಂದು ವಾರ ಬಿಟ್ಟು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.