ಪರೀಕ್ಷೆಯಲ್ಲದ ಪರೀಕ್ಷೆ

ಅವಧಾನದ ಕೊರತೆ, ಅತಿಚಾಂಚಲ್ಯ ಇವುಗಳಿಂದ ಕೂಡಿದ ತೊಂದರೆಯನ್ನು ಈಗ ಎ.ಡಿ.ಎಚ್.ಡಿ. ಎಂದು ಕರೆಯುವರು. ಮಗುವಿಗೆ ಇದುಂಟೋ ಇಲ್ಲವೋ ಎಂದು ತಿಳಿಯಲು ವೈದ್ಯರಲ್ಲಿಗೆ ಹೊರಡುವ ಹಿಂದಿನ ದಿನ ಮನೆಮಂದಿಗೆಲ್ಲ ಎದೆಬಡಿತ. “ಅಲ್ಲಿ ಅಲುಗಾಡದೆ ಕುಳಿತಿರು, ಜಾಣನಂತೆ ಉತ್ತರ ಹೇಳು” ಎಂದು ತಾಯಿತಂದೆಗಳು ಬುದ್ಧಿ ಹೇಳುವುದುಂಟು. ಇದು ತರವಲ್ಲ. ಜ್ವರ ಬಂದವನು ತಣ್ಣೀರಿನಿಂದ ಮೈಯೊರಸಿಕೊಂಡು ವೈದ್ಯನೆದುರು ನಿಂತಂತಾಯಿತು!

ಇಲ್ಲಿ ತೇರ್ಗಡೆಯೂ ಇಲ್ಲ, ನಪಾಸೂ ಇಲ್ಲ. ರಕ್ತ ತೆಗೆದು ನಿರ್ಣಯಿಸುವ ವಿಷಯವೂ ಇದಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯಂತೆ, ಹಲವು ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಂಡಿರಬೇಕು. ಕನಿಷ್ಠ 6 ತಿಂಗಳು ನಿಂತಿರಬೇಕು. ಮನೆ, ಶಾಲೆ ಮೊದಲಾದ ಎರಡು ಕಡೆಗಳಲ್ಲಾದರೂ ತೋರಿರಬೇಕು. ಆದುದರಿಂದ ಆ ಒಂದು ಗಳಿಗೆಯ ನಡತೆಯಿಂದಲೇ ಎಲ್ಲವೂ ತೀರ್ಮಾನವಾಗದು. ಹೊಸ ಸ್ಥಳದಲ್ಲಿ ಚಂಚಲ ಬಾಲಕನೂ ಕೆಲಹೊತ್ತು ಸುಮ್ಮನಿರಬಹುದೆಂಬುದನ್ನು ವೈದ್ಯರು ಬಲ್ಲರು.

ಹೆದರಿಕೆಯನ್ನು ಕೆಲಸಕ್ಕೆ ಹಚ್ಚುವುದೇ ಮೇಲು. ಮರೆತ ಪುಸ್ತಕ, ಅರ್ಧಕ್ಕೆ ಬಿಟ್ಟ ಲೆಕ್ಕ, ನಡುವೆ ಎದ್ದುಹೋದ ಊಟ, ಇವನ್ನೆಲ್ಲ ಕಂಡಂತೆ ಬರೆದಿಟ್ಟುಕೊಳ್ಳಿರಿ. ಹಳೆಯ ಪ್ರಗತಿಪತ್ರಗಳನ್ನೂ ಉಪಾಧ್ಯಾಯರ ಅಭಿಪ್ರಾಯವನ್ನೂ ಒಯ್ಯಿರಿ. ರಾತ್ರಿ ಬೇಗನೆ ಮಲಗಿಸಿರಿ. ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಕರೆದೊಯ್ಯಬೇಡಿರಿ. “ನಿನ್ನ ತಪ್ಪು ಹುಡುಕಲು ಅಲ್ಲಪ್ಪ, ನಿನ್ನ ಕಷ್ಟ ತಿಳಿಯಲು ಹೋಗುತ್ತೇವೆ” ಎಂದು ಹೇಳಿರಿ. ಸೋಮಾರಿಯೆಂದು ಬೈಸಿಕೊಂಡೇ ಬೆಳೆದ ಮಗು ಆ ಒಂದು ಮಾತಿಗಾಗಿ ಬಹುಕಾಲದಿಂದ ಕಾದಿರುತ್ತದೆ.